ವೇದಾವತಿಯ ಕಣಿವೆ: ಕೃಷಿಯೂ ಮತ್ಸ್ಯಸಂಪತ್ತೂ

ಚಿತ್ರದುರ್ಗದ ಸೀಮೆಯು ಮಳೆಗೆ ಬಡವಾದುದು. ಪಶ್ಚಿಮದ ಮಲೆಗಳು ಮುಂಗಾರಿನ ಬಹುಭಾಗವನ್ನು ತಡೆಯುವುದರಿಂದ ಹಿರಿಯೂರಿನ ಬಯಲಿಗೆ ವರ್ಷಕ್ಕೆ 25 ಅಂಗುಲದಷ್ಟು ಮಳೆಯೂ ಸಾಮಾನ್ಯವಾಗಿ ದೊರೆಯದು. ಆದುದರಿಂದ ಇಲ್ಲಿಯ ಪೂರ್ವಿಕರು ಬಿದ್ದ ಹನಿಯನ್ನು ನಿಲ್ಲಿಸುವ ವಿದ್ಯೆಯನ್ನೇ ಮುಖ್ಯವಾಗಿ ಕಲಿತರು. ದುರ್ಗದ ಬೆಟ್ಟದ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡಗಳೂ, ಊರೊಳಗಣ ಸಿಹಿನೀರು ಹೊಂಡ, ಸಂತೆಹೊಂಡಗಳೂ ಆ ವಿದ್ಯೆಗೆ ಸಾಕ್ಷಿಗಳು. ಹೊಳಲ್ಕೆರೆ, ಹೊಸದುರ್ಗಗಳ ಅಡಿಕೆ ತೆಂಗಿನ ತೋಟಗಳು ಬೆಳೆದುದೂ ಕೆರೆಗಳ ಆಶ್ರಯದಿಂದಲೇ.

ಈ ಸೀಮೆಯ ತಾಯಿನದಿ ವೇದಾವತಿ. ಬಾಬಾಬುಡನ್ ಗಿರಿಯ ಮೂಡಣ ಮಗ್ಗುಲಲ್ಲಿ ಹುಟ್ಟುವ ವೇದಾ, ಅವತಿ ಎಂಬ ಎರಡು ಹೊಳೆಗಳು, ಒಂದು ಅಯ್ಯನಕೆರೆಯನ್ನೂ ಮತ್ತೊಂದು ಮದಗದ ಕೆರೆಯನ್ನೂ ಹಾದು, ಕಡೂರಿನ ಬಳಿ ಕೂಡುವುವು. ಅಲ್ಲಿಂದ ನದಿಯು ಹೊಸದುರ್ಗ, ಹಿರಿಯೂರು ಸೀಮೆಗಳಲ್ಲಿ ಹರಿದು, ಬಳ್ಳಾರಿಯ ಕಡೆಯಲ್ಲಿ ಹಗರಿಯೆನಿಸಿ ತುಂಗಭದ್ರೆಯನ್ನು ಸೇರುವುದು.

ಹಿರಿಯೂರಿಗೆ ಮೇಲೆ ಎರಡು ಗುಡ್ಡಗಳ ನಡುವೆ ನದಿಯು ನುಸುಳುವ ಸ್ಥಳವೇ ಮಾರಿಕಣಿವೆ. ಕಣಿವೆಮಾರಮ್ಮನ ಗುಡಿಯೂ ಅಲ್ಲಿಯೇ ಇರುವುದು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಗಳಾಗಿದ್ದ ಕಾಲದಲ್ಲಿ, ಶೇಷಾದ್ರಿ ಅಯ್ಯರವರು ದಿವಾನರಾಗಿದ್ದಾಗ, 1898ರಲ್ಲಿ ಅಲ್ಲಿ ಅಣೆಕಟ್ಟಿನ ಕೆಲಸವು ಆರಂಭವಾಗಿ 1907ರಲ್ಲಿ ಮುಗಿಯಿತು. ಸುಮಾರು 1,330 ಅಡಿ ಉದ್ದದ ಈ ಕಲ್ಗಟ್ಟಡದ ಹಿಂದೆ 3,000 ಕೋಟಿ ಘನ ಅಡಿ ನೀರು ನಿಲ್ಲಬಲ್ಲುದು. ಮಹಾರಾಣಿಯವರ ಬಿರುದಿನಿಂದ ಅದಕ್ಕೆ ವಾಣೀವಿಲಾಸಸಾಗರವೆಂದು ಹೆಸರಾಯಿತು. ಎಡಬಲದ ನಾಲೆಗಳು ಒಣಬಯಲನ್ನು ತೋಟವನ್ನಾಗಿಸಿದುವು.

ಆದರೆ ಸಾಗರವನ್ನು ಕಟ್ಟುವುದು ಒಂದು, ತುಂಬುವುದು ಮತ್ತೊಂದು. ನೀರು 130 ಅಡಿಗೇರಿ ಕೋಡಿ ಬಿದ್ದುದು 1933ರಲ್ಲಿ; ಮರಳಿ ಬಿದ್ದುದು 89 ವರ್ಷಗಳ ಬಳಿಕ, 2022ರಲ್ಲಿ. ನಡುವೆ 2017ರ ಸುಮಾರಿನ ಬರದಲ್ಲಿ ನೀರು ತಳವನ್ನು ಮುಟ್ಟುವಂತಾಗಿ, ನಾಲೆಯನ್ನೇ ನಂಬಿದ್ದ ತೆಂಗು ಅಡಿಕೆಗಳು ಒಣಗಿದುವು. 2019ರಿಂದ ಭದ್ರೆಯ ನೀರನ್ನು ಎತ್ತಿ ಅಜ್ಜಂಪುರದ ಸುರಂಗದ ಮೂಲಕ ವೇದಾವತಿಗೆ ಹರಿಸಲಾಯಿತು. 2022ರಲ್ಲಿ ಸಾಗರವು ತುಂಬಿದಾಗ ಹಿರಿಯೂರಿನವರಿಗೆ ಹರ್ಷವಾಯಿತು. ಹೊಸದುರ್ಗದ ಹಿನ್ನೀರಿನ ರೈತರಿಗೆ ತೋಟ ಮುಳುಗಿದ ದುಃಖವೂ ಆಯಿತು. ಒಂದೇ ನೀರು ಕೆಳಗಿನವರಿಗೆ ಭಾಗ್ಯ, ಮೇಲಿನವರಿಗೆ ಹಾನಿ.

ಮೀನುಗಳ ಸ್ಥಿತಿಯೂ ಇದರಿಂದ ಬೇರೆಯಲ್ಲ. ಮುಂಗಾರಿನ ಮೊದಲ ಪ್ರವಾಹಕ್ಕೆ ಎದುರೀಜಿ ಮೊಟ್ಟೆಯಿಡಲು ಹೊರಡುವ ಮೀನನ್ನು ಮಲೆನಾಡಿನವರು ಹತ್ತುಮೀನು ಎನ್ನುವರು. ದೂರದ ಶೀತಸಮುದ್ರಗಳ ಸಾಲ್ಮನ್ ಮೀನು ಕಡಲಿನಿಂದ ತಾನು ಹುಟ್ಟಿದ ಹೊಳೆಗೇ ಮರಳುವುದೂ ಇಂತಹುದೇ ಯಾತ್ರೆ. ಕೊರವ ಮೀನು ನಿಂತ ಕೆರೆಯಲ್ಲಿಯೂ ಸಂಸಾರ ಹೂಡುವುದು; ಹಲವು ಗೆಂಡೆಜಾತಿಗಳಿಗೆ ಹರಿವೇ ಬೇಕು. ಎತ್ತರದ ಕಟ್ಟೆಯನ್ನು ಅವು ಹತ್ತಲಾರವು. ಕಾಟ್ಲಾ, ರೋಹು ಮೊದಲಾದುವುಗಳನ್ನು ಕೇಂದ್ರಗಳಲ್ಲಿ ಮರಿಮಾಡಿಸಿ ಜಲಾಶಯಗಳಿಗೆ ಬಿಡುವ ಪದ್ಧತಿಯು ಬಲೆಗಾರನ ಜೀವನಕ್ಕೆ ಸಹಾಯವಾಗುವುದಾದರೂ ನದಿಯ ಸಹಜಸಂತಾನಕ್ಕೆ ಅದು ಬದಲಾಗದು. ತುಂಗೆಯ ತೀರದ ಶೃಂಗೇರಿಯಲ್ಲಿ ಭಕ್ತಿಯು ಮೀನನ್ನು ಕಾಪಾಡಿದೆ. ವೇದಾವತಿಯಲ್ಲಿ ವಿವೇಕವು ಕಾಪಾಡಬೇಕು. ಮೊದಲ ಹೊಳೆ ಬಂದಾಗ ಬಸಿರಮೀನನ್ನು ಹಿಡಿಯದಿರುವುದು, ಹೊಳೆಯ ಮಡುಗಳಲ್ಲಿ ಬೇಸಗೆಗೂ ನೀರುಳಿಸುವುದು, ಮರಳನ್ನು ಬಗೆಯದಿರುವುದು ಆ ವಿವೇಕದ ಮೊದಲ ಪಾಠಗಳು.

ಕಡೂರಿನ ಕೆರೆಯಲ್ಲಿ ಹೂಳು ತುಂಬಿದರೆ ಹಿರಿಯೂರಿನ ತೆಂಗಿಗೆ ಅದರ ಬಾಧೆ ತಪ್ಪದು. ಗಿರಿಯಿಂದ ಹಗರಿಯವರೆಗೆ ವೇದಾವತಿಯದು ಒಂದೇ ಮನೆತನ. ಮನೆಯ ಹಿರಿಯನು ಎಲ್ಲ ಮಕ್ಕಳ ಎಲೆಯನ್ನೂ ನೋಡಿ ಬಡಿಸುವಂತೆ, ರೈತನಿಗೂ ಮೀನಿಗೂ, ಮೇಲಿನವನಿಗೂ ಕೆಳಗಿನವನಿಗೂ ನೀರನ್ನು ಹಂಚುವುದನ್ನು ಕಲಿತಂದೇ ಮಾರಿಕಣಿವೆಯ ಕಟ್ಟೆಯು ನಿಜವಾಗಿ ಮುಗಿದಂತಾಗುವುದು.