ನಾಣೇಘಾಟ್: ಹಳೆಯ ದಾರಿ, ಒಂದು ದಿನದ ಏರು

ಬೆಟ್ಟ ಹತ್ತಲು ಹೊರಟವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ "ಎಷ್ಟು ಎತ್ತರ?" ಎಂಬುದು. ಕೇಳಬೇಕಾದ ಪ್ರಶ್ನೆಗಳು ಬೇರೆ. ಎಲ್ಲಿಂದ ಹತ್ತುವುದು? ಯಾವ ದಾರಿ ಹಿಡಿಯುವುದು? ಕತ್ತಲಾಗುವುದರೊಳಗೆ ಕೆಳಗೆ ಬರುವುದು ಹೇಗೆ? ನಮ್ಮ ಮುಂಬಯಿಯ ಸಂಘ-ಸಂಸ್ಥೆಗಳ ವಿಹಾರ ಸಮಿತಿಗಳು ಪ್ರತಿ ಚಳಿಗಾಲದಲ್ಲಿ ಈ ಪ್ರಶ್ನೆಗಳನ್ನು ಚರ್ಚಿಸುತ್ತವೆ. ಆದರೆ ಇವನ್ನು ಮೊದಲು ಕೇಳಿದವರು ನಾವಲ್ಲ. ಎರಡು ಸಾವಿರ ವರ್ಷಗಳ ಹಿಂದೆ, ಕಲ್ಯಾಣದ ಬಂದರಿನಿಂದ ಸರಕು ಹೇರಿಕೊಂಡು ಘಟ್ಟದ ಮೇಲಕ್ಕೆ ಹೊರಟ ವರ್ತಕರೂ ಇವನ್ನೇ ಕೇಳಿದ್ದರು. ಅವರು ಕಂಡುಕೊಂಡ ಉತ್ತರಗಳಲ್ಲಿ ಒಂದು ನಾಣೇಘಾಟ್. ಆ ದಾರಿಯನ್ನು ಇಂದಿಗೂ ಒಂದೇ ದಿನದಲ್ಲಿ ಹತ್ತಿ ಇಳಿದು ಬರಬಹುದು.

ಈಗ ಜುನ್ನರದ ಕಡೆಯಿಂದ ಘಟ್ಟದ ತಲೆಯವರೆಗೂ ಮೋಟಾರು ಹೋಗುತ್ತದೆ. ವಾಹನದಿಂದಿಳಿದು ನಾಲ್ಕು ಹೆಜ್ಜೆ ನಡೆದರೆ ಗವಿ, ಶಾಸನ, ಕೊಂಕಣದ ನೋಟ ಎಲ್ಲವೂ ಸಿಗುತ್ತವೆ. ಹಾಗಿದ್ದೂ ಕೆಳಗಿನಿಂದಲೇ ಏಕೆ ಹತ್ತಬೇಕು ಎಂಬುದಕ್ಕೆ ಇತಿಹಾಸದಲ್ಲಿ ಉತ್ತರವಿದೆ.

ಘಟ್ಟ ಎಲ್ಲಿ ಬಿರಿಯುತ್ತದೋ ಅಲ್ಲಿ ದಾರಿ

ಸಹ್ಯಾದ್ರಿಯ ಈ ಭಾಗ ಕಪ್ಪು ಬಸಾಲ್ಟ್ ಕಲ್ಲಿನದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾ ಒಂದರ ಮೇಲೊಂದು ಪದರವಾಗಿ, ದೋಸೆಯ ಮೇಲೆ ದೋಸೆ ಪೇರಿಸಿದಂತೆ, ತಣಿದು ನಿಂತಿತು. ಗಟ್ಟಿಯಾದ ಪದರ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಮೆದು ಪದರ ಸವೆದು ಅಟ್ಟಣಿಗೆಯಂತೆ ಇಳಿಜಾರಾಗುತ್ತದೆ. ಆದ್ದರಿಂದಲೇ ಕೊಂಕಣದಿಂದ ನೋಡಿದಾಗ ಘಟ್ಟವು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಕೊನೆಯ ಮೆಟ್ಟಿಲು ಮಾತ್ರ ಮನುಷ್ಯ ಹತ್ತಲಾಗದ ಕಡಿದಾದ ಗೋಡೆ.

ಈ ಗೋಡೆಯನ್ನು ಎಲ್ಲೆಂದರಲ್ಲಿ ದಾಟಲಾಗದು. ಕಲ್ಲಿನ ಬಿರುಕು ಹಿಡಿದು ಮಳೆನೀರು ಹಿಂದಕ್ಕೆ ಹಿಂದಕ್ಕೆ ಕೊರೆದು ಕಣಿವೆ ಮಾಡಿದ ಕಡೆಯಲ್ಲಷ್ಟೇ ಮನುಷ್ಯನಿಗೂ ಎತ್ತಿಗೂ ಹೆಜ್ಜೆಯಿಡಲು ಜಾಗ ಸಿಗುತ್ತದೆ. ನಾಣೇಘಾಟ್ ಅಂಥ ಒಂದು ಸೀಳು. ಅದರ ಪಕ್ಕದಲ್ಲೇ 'ನಾನಾಚಾ ಅಂಗಠಾ' (ನಾನಾನ ಹೆಬ್ಬೆರಳು) ಎಂಬ ಬಂಡೆಯ ಶಿಖರ ಬೆರಳೆತ್ತಿದಂತೆ ನಿಂತಿದೆ. ಕೊಂಕಣದ ಬಯಲಿನಲ್ಲಿ ಬಹು ದೂರದಿಂದಲೇ ಅದು ಕಾಣುತ್ತದೆ. ನಕ್ಷೆಯಿಲ್ಲದ ಕಾಲದಲ್ಲಿ ದಾರಿಹೋಕನಿಗೆ ಇದಕ್ಕಿಂತ ಒಳ್ಳೆಯ ಗುರುತು ಬೇಕೆ? ಇಂದಿಗೂ ಕೆಳಗಿನಿಂದ ಹತ್ತುವವರು ಆ ಹೆಬ್ಬೆರಳನ್ನು ಕಣ್ಣಳತೆಯಲ್ಲಿಟ್ಟುಕೊಂಡೇ ನಡೆಯುತ್ತಾರೆ.

ಇನ್ನೊಂದು ಕಾರಣ ದಿಕ್ಕು. ಸೊಪಾರಾ ಮತ್ತು ಕಲ್ಯಾಣ ಪಶ್ಚಿಮ ಕರಾವಳಿಯ ಹಳೆಯ ಬಂದರುಗಳು. ಸಾತವಾಹನರ ರಾಜಧಾನಿ ಪ್ರತಿಷ್ಠಾನ, ಅಂದರೆ ಇಂದಿನ ಪೈಠಣ, ಗೋದಾವರಿಯ ದಂಡೆಯಲ್ಲಿತ್ತು. ಎರಡರ ನಡುವೆ ಘಟ್ಟ ಹತ್ತಿದೊಡನೆ ಸಿಗುವ ಪೇಟೆ ಜುನ್ನರ. ಜುನ್ನರದ ಸುತ್ತಣ ಗುಡ್ಡಗಳಲ್ಲಿ 200ಕ್ಕೂ ಹೆಚ್ಚು ಗವಿಗಳನ್ನು ಕೊರೆಯಲಾಗಿದೆ. ದಾನ ಕೊಟ್ಟವರಲ್ಲಿ ಗ್ರೀಕ್ ಮೂಲದವರೆಂದು ವಿದ್ವಾಂಸರು ತಿಳಿಯುವ 'ಯವನ'ರ ಹೆಸರುಗಳೂ ಅಲ್ಲಿನ ಶಾಸನಗಳಲ್ಲಿವೆ. ದಾರಿಯಲ್ಲಿ ಹಣ ಹರಿಯುತ್ತಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ರಾಣಿಯ ಲೆಕ್ಕಪತ್ರ

ಘಟ್ಟದ ಬಾಯಿಯ ಹತ್ತಿರ ಬಂಡೆಯಲ್ಲಿ ಕೊರೆದ ಚೌಕಾಕಾರದ ಒಂದು ಗವಿಯಿದೆ. 1828ರ ಬೇಸಿಗೆಯಲ್ಲಿ ವಿಲಿಯಂ ಸೈಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಇಲ್ಲಿಗೆ ಬಂದು ಗೋಡೆಯ ಮೇಲಿನ ಬರಹವನ್ನು ಗಮನಿಸಿದ. ಗವಿ ಬೌದ್ಧರದೆಂದು ಆತ ತಿಳಿದ. ಅದು ಹಾಗಲ್ಲವೆಂದು ಗುರುತಿಸಿದವರು ಪಂಡಿತ ಭಗವಾನಲಾಲ ಇಂದ್ರಜಿ. ಶಾಸನದ ಪಾಠ ಮತ್ತು ಅನುವಾದವನ್ನು ಜರ್ಮನ್ ವಿದ್ವಾಂಸ ಬ್ಯೂಲರ್ 1883ರಲ್ಲಿ ಪ್ರಕಟಿಸಿದರು.

ಇದು ಪ್ರಾಕೃತ ಭಾಷೆಯ ಬ್ರಾಹ್ಮೀ ಲಿಪಿಯ ಶಾಸನ. ಸಾತಕರ್ಣಿಯ ರಾಣಿ ನಾಗನಿಕೆಯದೆಂದು ಪಂಡಿತರು ಹೇಳುತ್ತಾರೆ. ಕ್ರಿಸ್ತಪೂರ್ವ ಎರಡನೆಯ ಅಥವಾ ಒಂದನೆಯ ಶತಮಾನದ್ದೆಂದು ಎಣಿಕೆ. ಧರ್ಮ, ಇಂದ್ರ, ಸಂಕರ್ಷಣ, ವಾಸುದೇವ, ಚಂದ್ರ, ಸೂರ್ಯ ಮತ್ತು ನಾಲ್ವರು ಲೋಕಪಾಲರಿಗೆ ನಮಸ್ಕರಿಸಿ ಬರಹ ಆರಂಭವಾಗುತ್ತದೆ. ಅರಸನನ್ನು 'ದಕ್ಷಿಣಾಪಥಪತಿ' ಎಂದು ಕರೆಯುತ್ತದೆ. ಮುಂದೆ ಅಶ್ವಮೇಧ, ರಾಜಸೂಯ ಮೊದಲಾದ ಯಾಗಗಳ ಪಟ್ಟಿ; ಪ್ರತಿ ಯಾಗಕ್ಕೂ ಕೊಟ್ಟ ಹಸು, ಕುದುರೆ, ಆನೆ, ಊರು ಮತ್ತು ಕಾರ್ಷಾಪಣಗಳ ಲೆಕ್ಕ. ಸರಕಾರಿ ಕಚೇರಿಯಲ್ಲಿ ಕಡತಗಳ ನಡುವೆ ದಿನ ಕಳೆಯುವ ನನ್ನಂಥವನಿಗೆ ಅದು ಪ್ರಶಸ್ತಿಗಿಂತ ಹೆಚ್ಚಾಗಿ ಖರ್ಚಿನ ವೋಚರಿನಂತೆ ತೋರುತ್ತದೆ. ಬಾಬು, ಸಂಖ್ಯೆ, ಮೊತ್ತ, ಯಾವುದನ್ನೂ ಬಿಟ್ಟಿಲ್ಲ.

ಈ ಲೆಕ್ಕದಿಂದಲೇ ಗಣಿತದ ಇತಿಹಾಸಕ್ಕೆ ಒಂದು ಲಾಭವಾಯಿತು. ಶಾಸನದಲ್ಲಿ ಸಂಖ್ಯೆಗಳನ್ನು ಅಂಕಿಗಳಲ್ಲೇ ಕೆತ್ತಲಾಗಿದೆ. ಭಾರತದಲ್ಲಿ ಸಿಕ್ಕ ಅತಿ ಹಳೆಯ ಅಂಕಿಗಳ ಗುಂಪುಗಳಲ್ಲಿ ಇದೊಂದು. ಹತ್ತು, ಇಪ್ಪತ್ತು, ನೂರು, ಸಾವಿರ ಇವುಗಳಿಗೆ ಬೇರೆ ಬೇರೆ ಚಿಹ್ನೆಗಳಿವೆ, ಸೊನ್ನೆಯಿಲ್ಲ. ಸೊನ್ನೆಯಿಲ್ಲದೆ ಸಾವಿರಗಟ್ಟಲೆ ಹಸುಗಳ ಲೆಕ್ಕ ಬರೆದವನ ಶ್ರಮವನ್ನು ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ಅಲ್ಲಿ ನಿಂತೇ ವಿವರಿಸಬಹುದು.

ಹಿಂದಿನ ಗೋಡೆಯಲ್ಲಿ ರಾಜಮನೆತನದವರ ಪ್ರತಿಮೆಗಳಿದ್ದವು. ಸಿಮುಕ ಸಾತವಾಹನ, ನಾಗನಿಕೆ, ಸಾತಕರ್ಣಿ, ರಾಜಕುಮಾರರು, ಒಬ್ಬ ಮಹಾರಥಿ, ಹೀಗೆ ಹೆಸರುಗಳು ಉಳಿದಿವೆ. ಪ್ರತಿಮೆಗಳು ಹೋಗಿವೆ, ಪಾದಗಳ ಗುರುತಷ್ಟೇ ಉಳಿದಿದೆ. ಇದನ್ನು ನೋಡುವ ಕನ್ನಡಿಗನಿಗೆ ನಮ್ಮ ಕಲಬುರಗಿ ಜಿಲ್ಲೆಯ ಕನಗನಹಳ್ಳಿ ನೆನಪಾಗಬೇಕು. ಸನ್ನತಿಯ ಪಕ್ಕದ, ಭೀಮಾತೀರದ ಆ ಊರಿನಲ್ಲಿ 1990ರ ದಶಕದಿಂದ ನಡೆದ ಉತ್ಖನನದಲ್ಲಿ ಸಾತವಾಹನ ಅರಸರ ಶಿಲ್ಪಗಳು ಹೆಸರುಗಳ ಸಮೇತ ದೊರೆತವು. ಸಾತಕರ್ಣಿ ಎಂಬ ಅರಸ ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆಗಳನ್ನು ಅರ್ಪಿಸುವ ದೃಶ್ಯವೂ ಅಲ್ಲಿದೆ. ಘಟ್ಟದಲ್ಲಿ ಹೆಸರಿದ್ದು ಮುಖವಿಲ್ಲ. ಭೀಮೆಯ ದಂಡೆಯಲ್ಲಿ ಮುಖವೂ ಉಂಟು, ಹೆಸರೂ ಉಂಟು. ಶಿವಮೊಗ್ಗ ಜಿಲ್ಲೆಯ ತಾಳಗುಂದದ ಶಾಸನವೂ ಅಲ್ಲಿನ ಶಿವಾಲಯದಲ್ಲಿ ಸಾತಕರ್ಣಿ ಮೊದಲಾದ ಅರಸರು ಪೂಜೆ ಸಲ್ಲಿಸಿದ್ದರೆಂದು ಸ್ಮರಿಸುತ್ತದೆ. ಆದ್ದರಿಂದ ನಾಣೇಘಾಟ್ ನಮಗೆ ಪರರ ಚರಿತ್ರೆಯಲ್ಲ.

ಸುಂಕದ ಕಟ್ಟೆ

'ನಾಣೇ' ಎಂದರೆ ಮರಾಠಿಯಲ್ಲಿ ನಾಣ್ಯ. ಘಟ್ಟದ ತಲೆಯಲ್ಲಿ ಕಲ್ಲಿನ ದೊಡ್ಡ ಬಾನಿಯೊಂದಿದೆ. ದಾರಿಹೋಕರು ಅದರೊಳಗೆ ಸುಂಕದ ನಾಣ್ಯ ಹಾಕಿ ಮುಂದೆ ಹೋಗುತ್ತಿದ್ದರೆಂದು ಜನ ಹೇಳುತ್ತಾರೆ. ಹಾಗೆಂದು ಶಾಸನ ಹೇಳುವುದಿಲ್ಲ. ಆದರೆ ಜಾಗದ ಆಯ್ಕೆಯನ್ನು ನೋಡಿದರೆ ಮಾತು ನಂಬುವಂತಿದೆ. ಕೆಳಗಿನಿಂದ ಏದುಸಿರು ಬಿಡುತ್ತ ಬಂದವನು, ಹಿಂದಕ್ಕೆ ಹೋಗುವ ಮನಸ್ಸಿಲ್ಲದವನು, ಎರಡು ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ ನಿಂತಿದ್ದಾನೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ.

ದಾರಿಯ ಆಯ್ಕೆ ಕಲ್ಲು, ನೀರುಗಳಿಂದ ಮಾತ್ರ ಆಗುವುದಿಲ್ಲ, ರಾಜಕಾರಣದಿಂದಲೂ ಆಗುತ್ತದೆ. ಕ್ರಿಸ್ತಶಕ ಒಂದನೆಯ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ಗ್ರಂಥವು, ಕಲ್ಯಾಣಕ್ಕೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಬರೂಗಜ, ಅಂದರೆ ಭರೂಚಕ್ಕೆ ಕಳಿಸಲಾಗುತ್ತಿತ್ತೆಂದು ಹೇಳುತ್ತದೆ. ಪೈಠಣ ಮತ್ತು ತಗರದ (ಇಂದಿನ ತೇರ್) ಸರಕುಗಳು ದಾರಿಯಿಲ್ಲದ ಪ್ರದೇಶಗಳನ್ನು ಹಾದು ಬಂಡಿಗಳಲ್ಲಿ ಭರೂಚಕ್ಕೆ ಹೋಗುತ್ತಿದ್ದವೆಂದೂ, ಭರೂಚದಿಂದ ಪೈಠಣಕ್ಕೆ 20 ದಿನಗಳ ಪ್ರಯಾಣವೆಂದೂ ಅದರಲ್ಲಿದೆ. ಹತ್ತಿರದ ಬಂದರು ಇದ್ದೂ ದೂರದ ಬಂದರಿಗೆ ಸುತ್ತಬೇಕಾಯಿತು. ಕ್ಷತ್ರಪ ನಹಪಾನನ ಅಮಾತ್ಯ ಅಯಮನ ಶಾಸನ ಜುನ್ನರದಲ್ಲೇ ಇದೆ. ಸಾತವಾಹನರ ಕೈಯಿಂದ ಈ ಭಾಗ ತಪ್ಪಿತ್ತೆಂಬುದಕ್ಕೆ ಅದೇ ಸಾಕ್ಷಿ. ಮುಂದೆ ಗೌತಮೀಪುತ್ರ ಸಾತಕರ್ಣಿ ನಹಪಾನನನ್ನು ಸೋಲಿಸಿ ಅವನ ನಾಣ್ಯಗಳ ಮೇಲೆಯೇ ತನ್ನ ಮುದ್ರೆ ಒತ್ತಿಸಿದ. 1906ರಲ್ಲಿ ನಾಸಿಕ ಜಿಲ್ಲೆಯ ಜೋಗಲ್‌ಟೆಂಭಿಯಲ್ಲಿ ಅಂಥ ನಾಣ್ಯಗಳು ಸಾವಿರಾರು ಸಂಖ್ಯೆಯಲ್ಲಿ ಸಿಕ್ಕವು. ಘಟ್ಟದ ಕೀಲಿಕೈ ಯಾರ ಸೊಂಟದಲ್ಲಿತ್ತೋ ಖಜಾನೆಯೂ ಅವರದೇ.

ಈ ದಾರಿಯ ಮಹತ್ವವನ್ನು ಕೊನೆಗೆ ಕುಂದಿಸಿದ್ದು ಸೈನ್ಯವಲ್ಲ, ಚಕ್ರ. 1830ರಲ್ಲಿ ಬೋರ್ ಘಾಟಿನ ಗಾಡಿರಸ್ತೆ ತೆರೆಯಿತು. 1863ರಲ್ಲಿ ಅದೇ ಘಟ್ಟದಲ್ಲಿ ರೈಲು ಹತ್ತಿತು. 1865ರಲ್ಲಿ ಥಳ್ ಘಾಟಿನಲ್ಲಿ ಕಸಾರಾದಿಂದ ಇಗತ್ಪುರಿಗೆ ರೈಲು ಬಂತು. ಹೇರು ಹೊತ್ತ ಎತ್ತುಗಳಿಗೆ ಬೇಕಾದದ್ದು ನೀರು ಮತ್ತು ಹತ್ತಿರದ ದಾರಿ. ಚಕ್ರಕ್ಕೆ ಬೇಕಾದದ್ದು ಸಣ್ಣ ಏರು, ದೊಡ್ಡ ತಿರುವು. ಬೇಡಿಕೆ ಬದಲಾದಾಗ ದಾರಿಯೂ ಬದಲಾಯಿತು. ದಕ್ಷಿಣ ಕನ್ನಡದಿಂದ ಬಂದ ಸದಸ್ಯರಿಗೆ ಇದು ಹೊಸತಲ್ಲ. ಘಟ್ಟದ ಮೇಲೆ, ಘಟ್ಟದ ಕೆಳಗೆ ಎಂಬ ಭೇದವೂ, ಯಾವ ಘಾಟಿಯಲ್ಲಿ ರಸ್ತೆ ಬಂತೋ ಆ ಊರು ಉದ್ಧಾರವಾದದ್ದೂ ಅವರಿಗೆ ಗೊತ್ತು.

ಈಗ ಹತ್ತುವವರಿಗೆ

ಮುಂಬಯಿಯಿಂದ ಹೊರಡುವವರಿಗೆ ಆರಂಭದ ಊರು ವೈಶಾಖರೆ. ಲೋಕಲ್ ಗಾಡಿಯಲ್ಲಿ ಕಲ್ಯಾಣಕ್ಕೆ ಬಂದು, ಮುರಬಾಡ ಮಾರ್ಗವಾಗಿ ಮಾಳ್ಶೇಜ್ ಘಾಟಿನ ಕಡೆ ಹೋಗುವ ಎಸ್.ಟಿ. ಬಸ್ಸು ಹಿಡಿಯಬೇಕು. ಟೋಕಾವಡೆ, ವೈಶಾಖರೆ ದಾಟಿದ ಮೇಲೆ, ಮಾಳ್ಶೇಜಿನ ಏರು ಶುರುವಾಗುವ ಮೊದಲೇ, ರಸ್ತೆಯ ಪಕ್ಕದಿಂದ ಕಾಲುದಾರಿ ಒಳಹೋಗುತ್ತದೆ. ಎಲ್ಲಿ ಇಳಿಯಬೇಕೆಂದು ಕಂಡಕ್ಟರಿಗೆ ಮೊದಲೇ ಹೇಳಿಡುವುದು ಒಳ್ಳೆಯದು. ಮುಂದಕ್ಕೆ ಹೋಗಿಬಿಟ್ಟರೆ ಬಸ್ಸು ಬೇರೊಂದು ಘಟ್ಟವನ್ನೇ ಹತ್ತಿಸುತ್ತದೆ!

ಕಾಲುದಾರಿಯ ಮೊದಲ ಭಾಗ ಕಾಡಿನೊಳಗೆ ಮೆಲ್ಲನೆ ಏರುತ್ತದೆ, ಹಳ್ಳ ದಾಟಬೇಕಾಗುತ್ತದೆ. ನಂತರ ಏರು ಬಿಗಿಯಾಗುತ್ತದೆ. ಕೊನೆಯಲ್ಲಿ ಸೀಳಿನೊಳಗೆ ಹಳೆಯ ಕಲ್ಲುಹಾಸಿನ ಮೆಟ್ಟಿಲುಗಳು. ರೂಢಿಯಿಲ್ಲದವರಿಗೆ ಹತ್ತಲು ಮೂರು ಗಂಟೆ, ಇಳಿಯಲು ಎರಡು ಗಂಟೆ ಇಟ್ಟುಕೊಳ್ಳಬೇಕು.

ಸಮಯವನ್ನು ಸಂಜೆಯಿಂದ ಹಿಂದಕ್ಕೆ ಎಣಿಸುವುದು ಜಾಣತನ. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಸುಮಾರು 6 ಗಂಟೆಗೆ. 4.30ಕ್ಕೆ ಡಾಂಬರು ರಸ್ತೆಯಲ್ಲಿರಬೇಕಾದರೆ 2.30ಕ್ಕೆ ಮೇಲಿನಿಂದ ಹೊರಡಬೇಕು. ಗವಿ, ಶಾಸನ, ಬುತ್ತಿಯೂಟಕ್ಕೆ ಎರಡು ಗಂಟೆಯೆಂದರೆ 12.30ಕ್ಕೆ ಮೇಲೆ ಮುಟ್ಟಬೇಕು, ಅಂದರೆ 9.30ಕ್ಕೆ ಹತ್ತಲು ಆರಂಭಿಸಬೇಕು. ಕಲ್ಯಾಣದಿಂದ ಬಸ್ಸಿಗೆ ಎರಡು ಗಂಟೆ ಹಿಡಿದರೆ 7.30ಕ್ಕಿಂತ ತಡವಾಗಿ ಹೊರಡುವಂತಿಲ್ಲ. ಎಲ್ಲಿದ್ದರೂ ಸರಿ, 1 ಗಂಟೆಯಾದೊಡನೆ ಹಿಂದಿರುಗುವುದೆಂದು ಮೊದಲೇ ನಿಶ್ಚಯಿಸಿಕೊಂಡರೆ ವಾದ-ವಿವಾದಕ್ಕೆ ಎಡೆಯಿಲ್ಲ. ಮರಳುವ ಬಸ್ಸುಗಳ ವೇಳೆಯನ್ನು ಕಲ್ಯಾಣದಲ್ಲೇ ವಿಚಾರಿಸಿ ಬರೆದುಕೊಳ್ಳಬೇಕು.

ಬೆಳಗಿನ ಹೊತ್ತು ಹತ್ತುವುದಕ್ಕೆ ಇನ್ನೊಂದು ಲಾಭವಿದೆ. ದಾರಿಯಿರುವುದು ಘಟ್ಟದ ಪಶ್ಚಿಮದ ಮುಖದಲ್ಲಿ. ಸೂರ್ಯ ಗೋಡೆಯ ಹಿಂದೆ ಇರುವಷ್ಟು ಹೊತ್ತು ನೆರಳು ಸಿಗುತ್ತದೆ. ಮಧ್ಯಾಹ್ನದ ನಂತರ ಬಿಸಿಲು ನೇರವಾಗಿ ಬಂಡೆಗೆ ಹೊಡೆಯುತ್ತದೆ. ಗವಿಯ ಹತ್ತಿರ ಹಳೆಯ ನೀರಿನ ತೊಟ್ಟಿಗಳಿವೆ. ಅವು ಅಂದಿನ ವರ್ತಕರಿಗಾಗಿ ಕೊರೆದವು. ನಮ್ಮ ಹೊಟ್ಟೆಗೆ ಅವನ್ನು ನಂಬದೆ ತಲೆಗೆ ಮೂರು ಲೀಟರಿನಂತೆ ನೀರು ಒಯ್ಯಬೇಕು.

ಮಳೆಗಾಲದಲ್ಲಿ ಇಲ್ಲಿನ ನೋಟವೇ ಬೇರೆ. ಕೊಂಕಣದಿಂದ ಗೋಡೆಗೆ ಅಪ್ಪಳಿಸುವ ಗಾಳಿ ಬೀಳುವ ನೀರನ್ನೇ ಮೇಲಕ್ಕೆ ತೂರುತ್ತದೆ. ಅದನ್ನು ನೋಡಲು ಜನ ಮುಗಿಬೀಳುತ್ತಾರೆ. ಆದರೆ ಹಳ್ಳ ಉಕ್ಕಿದರೆ ಕೆಳಗಿನ ದಾರಿ ಮುಚ್ಚಿಹೋಗುತ್ತದೆ, ಮೆಟ್ಟಿಲು ಪಾಚಿಗಟ್ಟಿ ಜಾರುತ್ತದೆ, ಮೇಲೆ ಮಂಜಿನಲ್ಲಿ ಅಂಚು ಕಾಣುವುದಿಲ್ಲ. ಮಕ್ಕಳು, ಹಿರಿಯರು ಜೊತೆಗಿದ್ದರೆ ನವೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳೇ ಸರಿ. ಪಕ್ಕದ ಜೀವಧನ ಕೋಟೆಯನ್ನೂ ಅದೇ ದಿನ ಮುಗಿಸುತ್ತೇವೆಂಬ ಹಟ ಬೇಡ. ಅದಕ್ಕೆ ಘಾಟ್‌ಘರ್ ಹಳ್ಳಿಯಲ್ಲಿ ರಾತ್ರಿ ತಂಗಬೇಕಾಗುತ್ತದೆ.

ಮೊಣಕಾಲು ಸಹಕರಿಸದ ಹಿರಿಯರು ಜುನ್ನರದ ಕಡೆಯಿಂದ ವಾಹನದಲ್ಲಿ ಬಂದರೆ ಅದರಲ್ಲಿ ಕೀಳೇನೂ ಇಲ್ಲ. ಆದರೆ ಕಾಲಿನಲ್ಲಿ ಶಕ್ತಿಯಿರುವವರು ಕೆಳಗಿನಿಂದಲೇ ಬರಬೇಕು. ಮೇಲಿನಿಂದ ಬಂದವನಿಗೆ ಗವಿ ಒಂದು ಗವಿ, ಬಾನಿ ಒಂದು ಬಾನಿ. ಕೆಳಗಿನಿಂದ ಬಂದವನಿಗೆ ಆ ಗವಿ ಅಲ್ಲೇ ಏಕೆ ಇದೆ, ತೊಟ್ಟಿ ಅಲ್ಲೇ ಏಕೆ ಬೇಕಾಯಿತು, ದೊರೆಯ ಹೆಸರನ್ನು ಪೇಟೆಯಲ್ಲಿ ಕೆತ್ತಿಸದೆ ಈ ಇಕ್ಕಟ್ಟಿನಲ್ಲಿ ಕೆತ್ತಿಸಿದ್ದೇಕೆ ಎಂಬುದು ತನ್ನ ಉಸಿರಿನಿಂದಲೇ ತಿಳಿಯುತ್ತದೆ. ಎಲ್ಲರೂ ಹಾದುಹೋಗಲೇಬೇಕಾದ, ಎಲ್ಲರೂ ಕುಳಿತು ದಣಿವಾರಿಸಿಕೊಳ್ಳಲೇಬೇಕಾದ ಜಾಗ ಅದು.

ಹೋಗುವ ಸದಸ್ಯ ಬಂಧುಗಳಲ್ಲಿ ಒಂದೇ ಬಿನ್ನಹ. ಎರಡು ಸಾವಿರ ವರ್ಷ ಗಾಳಿಮಳೆಯನ್ನು ಸಹಿಸಿದ ಅಕ್ಷರಗಳು ಒಂದು ಮೊಳೆಯ ಗೀಚನ್ನು ಸಹಿಸಲಾರವು. ಗೋಡೆಯನ್ನು ಮುಟ್ಟದೆ ನೋಡಿ, ಮಕ್ಕಳಿಗೆ ತೋರಿಸಿ. ಆ ಗವಿಯಲ್ಲಿ ಹೆಸರು ಬರೆಸುವ ಹಕ್ಕಿದ್ದವರು ತಮ್ಮ ಹೆಸರನ್ನು ಬರೆಸಿಯಾಗಿದೆ.