ವ್ಯಸನದ ಚರಿತ್ರೆಯಲ್ಲಿ ಹೆಣ್ಣು: ಹೆಗ್ಗಡದೇವನಕೋಟೆ ಸೀಮೆಯ ಹೊಗೆಸೊಪ್ಪನ್ನು ಕುರಿತು ಕೆಲವು ವಿಚಾರಗಳು

ಮಾದಕ ವಸ್ತುಗಳ ಚರಿತ್ರೆಯನ್ನು ಬರೆಯ ಹೊರಟವನಿಗೆ ಮೊದಲು ಕೈಗೆ ಸಿಕ್ಕುವ ಆಕರವೆಂದರೆ ಅಬ್ಕಾರಿ ಲೆಕ್ಕ. ಹೆಂಡ, ಸಾರಾಯಿ, ಗಾಂಜಾಗಳಿಂದ ಸರ್ಕಾರಕ್ಕೆ ಹುಟ್ಟುವಳಿ ಇದ್ದುದರಿಂದ ಅವುಗಳ ಲೆಕ್ಕ ಉಳಿದುಬಂದಿದೆ. ಆದರೆ ಆ ಲೆಕ್ಕವು ಅಂಗಡಿಯ ಹರಾಜಿನ ಹಣವನ್ನೂ ಮಾರಾಟವಾದ ಪ್ರಮಾಣವನ್ನೂ ತಿಳಿಸುತ್ತದೆಯೇ ಹೊರತು ಕುಡಿದವರು ಯಾರೆಂಬುದನ್ನು ತಿಳಿಸುವುದಿಲ್ಲ. ಅಂಗಡಿಯ ಬಾಗಿಲಲ್ಲಿ ಕಾಣುತ್ತಿದ್ದವರು ಬಹುಮಟ್ಟಿಗೆ ಗಂಡಸರಾದುದರಿಂದ ವ್ಯಸನಿ ಎಂದರೆ ಗಂಡಸೇ ಎಂಬ ಭಾವನೆ ಬೇರೂರಿತು. ಹೆಣ್ಣು ಈ ಚರಿತ್ರೆಯಲ್ಲಿ ಬರುವುದು ಕುಡುಕನ ಹೆಂಡತಿಯಾಗಿ, ಇಲ್ಲವೆ ಅಂಗಡಿಯನ್ನು ಮುಚ್ಚಿಸಲು ಎದ್ದವಳಾಗಿ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿಯ ವಿರುದ್ಧ ನಡೆಸಿದ ಹೋರಾಟವನ್ನು ಎಲ್ಲರೂ ಬಲ್ಲರು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದಾಗಲೂ ಹೆಂಗಸರ ಸಂಕಟವೇ ಮುಂದೆ ಬಂದಿತು. ಅವಳ ಸ್ವಂತ ವ್ಯಸನದ ಮಾತು ಮಾತ್ರ ಎಲ್ಲಿಯೂ ಬರಲಿಲ್ಲ.

ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿಯೂ ಹಾಡಿಗಳಲ್ಲಿಯೂ ತಿರುಗಾಡಿದವರಿಗೆ ಆ ಮಾತು ಬಾರದೆ ಹೋದುದು ಆಶ್ಚರ್ಯವೆನಿಸೀತು. ಎಲೆ ಅಡಿಕೆಯೊಡನೆ ಹೊಗೆಸೊಪ್ಪನ್ನೋ ಕಡ್ಡಿಪುಡಿಯನ್ನೋ ಬಾಯಿಗೆ ಹಾಕಿಕೊಳ್ಳುವ ಹೆಂಗಸರು ಇಲ್ಲಿ ಅಪರೂಪವಲ್ಲ. ನಮ್ಮ ಅಜ್ಜಿಯ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕದಲ್ಲಿ ಒಂದು ತುಂಡು ಹೊಗೆಸೊಪ್ಪು ಸದಾ ಇರುತ್ತಿದ್ದಿತು. ಅದು ಇಲ್ಲದ ದಿನ ಆಕೆಯ ಕೋಪವನ್ನು ಮನೆಯವರೆಲ್ಲ ಅರಿತಿದ್ದರು. ಆದರೂ ಅದನ್ನು ವ್ಯಸನವೆಂದು ಯಾರೂ ಕರೆಯಲಿಲ್ಲ.

ಹೀಗೆ ಕರೆಯದಿರಲು ಚಾರಿತ್ರಿಕ ಕಾರಣವುಂಟು. ತಾಂಬೂಲವು ನಮ್ಮಲ್ಲಿ ಬಹು ಪ್ರಾಚೀನವಾದುದು; ಹನ್ನೆರಡನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅದು ರಾಜಭೋಗಗಳಲ್ಲೊಂದು. ಹೊಗೆಸೊಪ್ಪಾದರೋ ಅಮೆರಿಕ ಖಂಡದ ಗಿಡ; ಪೋರ್ಚುಗೀಸರ ಮೂಲಕ ಈ ದೇಶಕ್ಕೆ ಬಂದುದು. ಬಂದ ಈ ಹೊಸ ಸೊಪ್ಪು ತಾಂಬೂಲದ ಮರ್ಯಾದೆಯನ್ನೇ ಹೊದ್ದು ಮನೆಯೊಳಕ್ಕೆ ಹೊಕ್ಕಿತು. ಬೀಡಿಯ ಹೊಗೆ ಹೆಣ್ಣಿಗೆ ನಿಷಿದ್ಧವಾಯಿತು, ಬಾಯೊಳಗಿನ ಸೊಪ್ಪು ಆಗಲಿಲ್ಲ. 2016–17ರ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಈ ಭೇದವು ಅಂಕಿಗಳಾಗಿಯೇ ಕಾಣುತ್ತದೆ. ಭಾರತದಲ್ಲಿ ಹೊಗೆ ಸೇದುವವರು ಗಂಡಸರಲ್ಲಿ ಶೇಕಡಾ 19, ಹೆಂಗಸರಲ್ಲಿ ಶೇಕಡಾ 2. ಹೊಗೆಯಿಲ್ಲದ ತಂಬಾಕನ್ನು ಬಳಸುವವರು ಗಂಡಸರಲ್ಲಿ ಶೇಕಡಾ 29.6, ಹೆಂಗಸರಲ್ಲಿ ಶೇಕಡಾ 12.8. ಕರ್ನಾಟಕದಲ್ಲಿ ಯಾವುದೇ ರೂಪದ ತಂಬಾಕನ್ನು ಬಳಸುವ ಹೆಂಗಸರು ಶೇಕಡಾ 10.3.

ಇಲ್ಲಿಯವರೆಗಿನದು ಸಮಾಜದ ಮಾತು. ಇನ್ನು ದೇಹದ ಮಾತು. ಶರೀರವಿಜ್ಞಾನವೂ ಬಹುಕಾಲ ಗಂಡಿನ ದೇಹವನ್ನೇ ಮನುಷ್ಯನ ದೇಹವೆಂದು ಎಣಿಸಿತ್ತು. ಅಮೆರಿಕದಲ್ಲಿ 1977ರ ಒಂದು ನಿಯಮವು ಬಸಿರಾಗಬಹುದಾದ ಹೆಂಗಸರನ್ನು ಔಷಧಗಳ ಮೊದಲ ಹಂತದ ಪರೀಕ್ಷೆಗಳಿಂದ ದೂರವಿರಿಸಿತು. ಸರ್ಕಾರದ ಹಣದಿಂದ ನಡೆಯುವ ಚಿಕಿತ್ಸಾ ಸಂಶೋಧನೆಯಲ್ಲಿ ಅವರನ್ನು ಸೇರಿಸಿಕೊಳ್ಳಲೇಬೇಕೆಂಬ ಕಾನೂನು ಬಂದುದು 1993ರಲ್ಲಿ. ಅಬ್ಕಾರಿ ಗುಮಾಸ್ತನೂ ಪ್ರಯೋಗಶಾಲೆಯ ಪಂಡಿತನೂ ಈ ವಿಷಯದಲ್ಲಿ ಒಂದೇ ತಪ್ಪನ್ನು ಮಾಡಿದರೆನ್ನಬೇಕು.

ಅನಂತರ ತಿಳಿದುಬಂದುದು ಸ್ವಲ್ಪವಲ್ಲ. ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೊಜೆನ್ ಎಂಬ ಹಾರ್ಮೋನು ಮಿದುಳಿನಲ್ಲಿ ಡೋಪಮಿನ್ ಎಂಬ ವಸ್ತುವಿನ ಬಿಡುಗಡೆಯನ್ನು ಹೆಚ್ಚಿಸುತ್ತದೆಂದು ಜಿಲ್ ಬೆಕರ್ ಮೊದಲಾದವರು ಇಲಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದರು. ಮಾದಕ ವಸ್ತುಗಳು ಸುಖವನ್ನು ಕೊಡುವುದು ಈ ಡೋಪಮಿನ್ನಿನ ದಾರಿಯಿಂದಲೇ. ಕೊಕೇನನ್ನು ತಾವಾಗಿ ತೆಗೆದುಕೊಳ್ಳುವುದನ್ನು ಹೆಣ್ಣಿಲಿಗಳು ಬೇಗ ಕಲಿಯುತ್ತವೆ. ಪ್ರೊಜೆಸ್ಟೆರಾನ್ ಎಂಬ ಇನ್ನೊಂದು ಹಾರ್ಮೋನು ಈ ಸೆಳೆತವನ್ನು ತಗ್ಗಿಸುವಂತೆ ತೋರುತ್ತದೆ. ತಂಬಾಕಿಗೆ ಸಂಬಂಧಿಸಿದಂತೆ ಇನ್ನೂ ಗಮನಾರ್ಹವಾದ ಸಂಗತಿಯೊಂದುಂಟು. ಹೆಂಗಸರ ದೇಹವು ನಿಕೋಟಿನ್ನನ್ನು ಗಂಡಸರಿಗಿಂತ ಬೇಗನೆ ಕರಗಿಸುತ್ತದೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ಬೇಗ. ಬಸಿರಿಯರಲ್ಲಿ ಈ ವೇಗವು ಶೇಕಡಾ 60ರಷ್ಟು ಏರುವುದೆಂದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕಂಡುಕೊಂಡಿತು. ಬೇಗ ಕರಗಿದರೆ ಬೇಗ ಬೇಡಿಕೆ. ಬಿಡಬೇಕೆಂದು ವೈದ್ಯರು ಹೇಳುವ ಬಸಿರಿನ ತಿಂಗಳುಗಳಲ್ಲಿಯೇ ದೇಹವು ಹೆಚ್ಚು ಕೇಳಬಹುದು. ‘ಬಸಿರಿಯಾದರೂ ಬಿಡಲಿಲ್ಲ’ ಎಂದು ಹಾಡಿಯ ಹೆಂಗಸನ್ನು ದೂರುವವರು ಇದನ್ನು ತಿಳಿದಿರುವುದು ಮೇಲು.

ಆದರೆ ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟುವುದನ್ನು ಚರಿತ್ರೆಯ ವಿದ್ಯಾರ್ಥಿಯು ಒಪ್ಪಲಾರನು. ಸೇದುವವರಲ್ಲಿ ಕಾಣುವ 19 ಮತ್ತು 2ರ ಅಂತರವನ್ನು ಮಾಡಿದುದು ಅಂಡಾಶಯವಲ್ಲ, ಊರಿನ ಕಟ್ಟುಪಾಡು. ಹಸಿವನ್ನು ಮರೆಯಲು, ಹಲ್ಲುನೋವನ್ನು ತಡೆಯಲು, ನಾಟಿಯ ಗದ್ದೆಯಲ್ಲಿ ಮಧ್ಯಾಹ್ನವನ್ನು ಕಳೆಯಲು ಸೊಪ್ಪನ್ನು ಮೊದಲು ಬಾಯಿಗಿಟ್ಟವಳ ಕಾರಣಗಳು ಪ್ರಯೋಗಶಾಲೆಯಲ್ಲಿ ದೊರೆಯುವುದಿಲ್ಲ. ವ್ಯಸನವು ಯಾವ ಬಾಗಿಲಿಂದ ಬರಬೇಕೆಂಬುದನ್ನು ಸಮಾಜ ಗೊತ್ತುಮಾಡುತ್ತದೆ. ಬಂದಮೇಲೆ ಎಷ್ಟು ಗಟ್ಟಿಯಾಗಿ ಹಿಡಿಯುವುದೆಂಬುದರಲ್ಲಿ ದೇಹದ ಪಾಲೂ ಇದೆಯೆನ್ನುವುದೇ ಸಮಂಜಸವೆಂದು ತೋರುತ್ತದೆ.

ಈ ಸೀಮೆಯಲ್ಲಿ ಇನ್ನೊಂದು ಬಾಗಿಲೂ ಉಂಟು. ಇಲ್ಲಿ ವಿಶೇಷವಾಗಿ ಬೆಳೆಯುವುದು ಜಗಿಯುವ ಸೊಪ್ಪಲ್ಲ, ಸಿಗರೇಟಿಗೆ ಹೋಗುವ ವರ್ಜೀನಿಯಾ ತಂಬಾಕು. 1976ರ ಜನವರಿ 1ರಂದು ತಂಬಾಕು ಮಂಡಳಿ ಸ್ಥಾಪನೆಯಾಯಿತು, 1984ರಲ್ಲಿ ಕರ್ನಾಟಕದಲ್ಲಿ ಹರಾಜು ಮೊದಲಾಯಿತು. ಕಟ್ಟೆಮಳಲವಾಡಿ, ಕಂಪಲಾಪುರಗಳ ಹರಾಜುಕಟ್ಟೆಗಳಲ್ಲಿ ಪ್ರತಿಯೊಂದು ಬೇಲಿನ ತೂಕವೂ ದರವೂ ದಾಖಲಾಗುತ್ತವೆ. ಆಂಧ್ರದ ಬೆಳೆಯಂತಲ್ಲದೆ ನಮ್ಮದು ಮುಂಗಾರಿನ ಬೆಳೆ. ಮಳೆಯಲ್ಲಿಯೇ ಎಲೆ ಮುರಿಯಬೇಕು. ಮುರಿದ ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸುವುದಕ್ಕೆ ಸಿದ್ಧಪಡಿಸುವುದು ಹೆಚ್ಚಾಗಿ ಹೆಂಗಸರ ಕೆಲಸ. ಒದ್ದೆ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕ ರಕ್ತಕ್ಕೆ ಇಳಿಯುತ್ತದೆ; ತಲೆಸುತ್ತು, ವಾಂತಿ, ಬಳಲಿಕೆಗಳು ಉಂಟಾಗುತ್ತವೆ. ಇದನ್ನು ಅಮೆರಿಕದ ವೈದ್ಯರು 1970ರಲ್ಲಿಯೇ ಒಂದು ಕಾಯಿಲೆಯೆಂದು ವರ್ಣಿಸಿದರು. ನಮ್ಮಲ್ಲಿ ಎಲೆ ಕಟ್ಟುವವಳು ಅಂಟು ಹಿಡಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಸಂಚಿಯನ್ನು ಬಿಚ್ಚಿ, ಮತ್ತೊಂದು ಚೂರು ಸೊಪ್ಪನ್ನು ಬಾಯಿಗಿಡುತ್ತಾಳೆ. ಸಮೀಕ್ಷೆಯವರು ಆ ಚೂರನ್ನು ಎಣಿಸುತ್ತಾರೆ. ಕೈಯಿಂದ ಇಳಿದುದನ್ನು ಬರೆದುಕೊಳ್ಳುವ ಕಾಲಮು ಅವರ ನಮೂನೆಯಲ್ಲಿ ಇಲ್ಲ.