ರಂಗನತಿಟ್ಟು: ಹಕ್ಕಿಗಿಂತ ಮೊದಲು ಕಟ್ಟೆ ಬಂತು

ರಂಗನತಿಟ್ಟಿನಲ್ಲಿ ದೋಣಿ ಹತ್ತಿದವರು ಮೊದಲು ಹುಡುಕುವುದು ಮೊಸಳೆಯನ್ನು. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದು ಒಂದು ಕಂಡರೆ ಕೊಟ್ಟ ದುಡ್ಡು ವಸೂಲಾದಂತೆ. ಆಮೇಲೆ ಮರದ ತುಂಬ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ನೀರುಕಾಗೆ. ಮನುಷ್ಯನ ಕೈ ಸೋಕದ ಜಾಗ ಅನ್ನಿಸುತ್ತದೆ. ಹಾಗೇನಿಲ್ಲ. ಇದು ನೀರಿಗೆ ಕಟ್ಟೆ ಹಾಕಿದ್ದರಿಂದ ಆದ ಜಾಗ.

ಕಂಠೀರವ ನರಸರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆಳುತ್ತಿದ್ದಾಗ, 1645ರಿಂದ 1648ರ ನಡುವೆ, ಇಲ್ಲಿ ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಿಸಿದರು. ಹಳೇ ಮೈಸೂರು ಸೀಮೆಯ ಇಂಥ ಕಟ್ಟೆಗಳು ಹೊಳೆಯನ್ನು ಪೂರ್ತಿ ನಿಲ್ಲಿಸುವುದಿಲ್ಲ. ಮಟ್ಟವನ್ನು ಒಂದಿಷ್ಟು ಎತ್ತಿ ನೀರನ್ನು ನಾಲೆಗೆ ತಿರುಗಿಸುತ್ತವೆ. ಮಿಕ್ಕದ್ದು ಕಟ್ಟೆಯ ಮೇಲೇ ಹರಿದು ಹೋಗುತ್ತದೆ. ನಮ್ಮೂರ ಕಡೆಯ ನಾಲೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಟ್ಟೆಯ ಹಿಂದೆ ನೀರು ಅಗಲವಾಗಿ ಹರಡಿತು. ಎತ್ತರದ ಬಂಡೆ, ದಿಬ್ಬಗಳು ಮಾತ್ರ ಮೇಲೆ ಉಳಿದವು. ತಿಟ್ಟು ಅಂದರೆ ದಿಬ್ಬವೇ ತಾನೆ! ಅಲ್ಲಿ ಮರ ಬೆಳೆದವು. ಸುತ್ತ ನೀರು, ನೀರಲ್ಲಿ ಮೊಸಳೆ. ನಾಯಿ, ಬೆಕ್ಕು, ಕೊಡಲಿ ಹಿಡಿದ ಮನುಷ್ಯ ಸುಲಭವಾಗಿ ದಾಟಲಾರರು. ಗೂಡು ಕಟ್ಟುವ ಹಕ್ಕಿಗೆ ಇದಕ್ಕಿಂತ ಒಳ್ಳೆ ಬೇಲಿ ಎಲ್ಲಿದೆ? ಮೇವೂ ಹತ್ತಿರ. ಹೊಳೆಯಲ್ಲಿ ಮೀನು, ಸುತ್ತಲ ಗದ್ದೆಗಳಲ್ಲಿ ಬಸವನಹುಳು, ಕಪ್ಪೆ.

ಇದನ್ನು ಕಾಪಾಡಬೇಕು ಅಂತ ಅರಸರಿಗೆ ಹೇಳಿದವರು ಸಲೀಂ ಅಲಿ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆಂದು ಬಂದಿದ್ದವರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಕಟ್ಟೆ ಕಟ್ಟಿ ಹೆಚ್ಚುಕಡಿಮೆ ಮುನ್ನೂರು ವರ್ಷದ ಮೇಲೆ! 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಆ ಪಟ್ಟಿಯಲ್ಲಿ ಕರ್ನಾಟಕದ್ದು ಇದೇ ಮೊದಲು.

ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಗೂಡು ಉಳಿಯುವುದಿಲ್ಲ. ಮೇಲುಗಡೆ ಕನ್ನಂಬಾಡಿ ಇದೆ. 1911ರಲ್ಲಿ ಕೆಲಸ ಶುರುವಾದ ಆ ಅಣೆಕಟ್ಟೆ ಬಂದ ಮೇಲೆ ಇಲ್ಲಿನ ನೀರಿನ ಲೆಕ್ಕವೇ ಬದಲಾಯಿತು. ಮಳೆಗಾಲದಲ್ಲಿ ಅದು ತುಂಬಿ ಗೇಟು ಎತ್ತಿದರೆ ತಿಟ್ಟುಗಳ ಮೇಲೆ ನೀರು ಹರಿಯುತ್ತದೆ, ಕೆಳಕೊಂಬೆಯ ಗೂಡು ಮರಿಸಮೇತ ಹೋಗುತ್ತದೆ. ಬೇಸಿಗೆಯಲ್ಲಿ ಬರೀ ಬಂಡೆಯ ಮೇಲೆ ಮೊಟ್ಟೆಯಿಡುವ ನದಿ ರೀವಕ್ಕೆ ಅಷ್ಟು ನೀರೂ ಬೇಡ, ಮಟ್ಟ ಒಂದೆರಡು ಅಡಿ ಏರಿದರೆ ಸಾಕು. ಹಾಗಂತ ನೀರೇ ಬಿಡಬೇಡಿ ಅನ್ನಲು ಆಗುತ್ತದೆಯೇ? ಕೆಳಗೆ ಗದ್ದೆಗಳಿವೆ, ಊರುಗಳಿವೆ. ನೀರು ತೀರ ಕಡಿಮೆಯಾದರೂ ಕಷ್ಟವೇ. ತಿಟ್ಟಿಗೆ ನಾಯಿಗಳು ನಡೆದೇ ಹೋಗಬಹುದು.

ಹೊಳೆ ಏರಿದ ದಿನ ದೋಣಿ ವಿಹಾರ ನಿಲ್ಲಿಸುತ್ತಾರೆ, ನಾವು ವಾಪಸ್ ಬರುತ್ತೇವೆ. ನೆರೆ ಇಳಿದ ಮೇಲೆ ಕೊರೆದುಹೋದ ತಿಟ್ಟುಗಳ ಅಂಚಿಗೆ ಮರಳುಮೂಟೆ ಜೋಡಿಸುವ ಕೆಲಸ ಅರಣ್ಯ ಇಲಾಖೆಯದು. ಮುಂದಿನ ಸಲ ದೋಣಿಯಲ್ಲಿ ಕೂತಾಗ ಮೊಸಳೆ ನೋಡಿ ಆದ ಮೇಲೆ ಆ ಅಂಚುಗಳನ್ನೂ ನೋಡಿ. ಮಣ್ಣು ಹೋಗಿ ಬೇರು ಹೊರಬಿದ್ದ ಮರಗಳ ಮೇಲೂ ಕೊಕ್ಕರೆ ಕೂತಿರುತ್ತವೆ.